ಸ್ಟೆಪ್ನಿ ಇಲ್ಲದ ಗಾಡಿ

ಹೊಸ ಕಾರಿನ ಡಿಕ್ಕಿ ತೆರೆದು ಅದರ ಅಗಲ ತೋರಿಸುವ ಜಾಹೀರಾತು ಟಿವಿಯಲ್ಲಿ ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಗುವ ಗಂಡ, ನಗುವ ಹೆಂಡತಿ, ಮಕ್ಕಳು, ನಾಯಿ, ರಾಶಿ ಸೂಟ್‌ಕೇಸು. ಎಲ್ಲವೂ ಆ ಡಿಕ್ಕಿಯೊಳಗೆ ಹಿಡಿಯುತ್ತವೆ. ಅಲ್ಲಿ ಇರಬೇಕಾಗಿದ್ದ ಐದನೆಯ ಗಾಲಿಯನ್ನು ಕಿತ್ತು ಆ ಜಾಗ ಮಾಡಿದ್ದಾರೆಂದು ಯಾರೂ ಹೇಳುವುದಿಲ್ಲ. ನಾನು ರಿಮೋಟು ಎತ್ತಿಕೊಂಡು ಚಾನಲ್ ಬದಲಿಸುತ್ತೇನೆ. "ಆ ಟಿವಿ ಏನ್ ಮಾಡೈತಿ ಬೇ ನಿನಗ, ಅದರ ಮ್ಯಾಲ ಯಾಕ ಹಲ್ಲು ಕಡೀತಿ?" ಎಂದು ಅವ್ವ ಬಯ್ಯುತ್ತಾಳೆ.

ನಮ್ಮಪ್ಪ ಸಿಂಧನೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಾನೆ. ನಾನು ಹುಟ್ಟುವ ಮೊದಲೇ ಸ್ಟೇರಿಂಗ್ ಹಿಡಿದವನು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮತ್ತೆ ವಾಪಸ್ಸು. ಮದುವೆ ಇರಲಿ, ದವಾಖಾನೆ ಇರಲಿ, ಕೋರ್ಟಿನ ತಾರೀಖು ಇರಲಿ, ಈ ರಸ್ತೆಯ ಮೇಲೆ ಅಪ್ಪನ ಗಾಡಿ ಹತ್ತದ ಮನೆ ಕಡಿಮೆ. ಅವನಿಗೊಂದು ಜಂಬ ಇತ್ತು. "ನನ್ನ ಗಾಡಿ ಹತ್ತಿದ ಮಂದಿ ಊರು ಮುಟ್ಟಿ ಇಳದಾರ. ನಡು ಹಾದ್ಯಾಗ ಇಳದು ಬ್ಯಾರೇದ್ದು ಹತ್ತಿದವರು ಒಬ್ಬರೂ ಇಲ್ಲ" ಎಂದು ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹೇಳುತ್ತಿದ್ದ. ಹೇಳಿದ್ದನ್ನೇ ಹೇಳುತ್ತಿದ್ದ. ಕೇಳುವವರೂ ತಲೆಯಾಡಿಸುತ್ತಿದ್ದರು, ಏಕೆಂದರೆ ಮಾತು ಖರೆ ಇತ್ತು.

ಅದು ಖರೆ ಆಗಲು ಕಾರಣ ಅಪ್ಪ ಒಬ್ಬನೇ ಆಗಿರಲಿಲ್ಲ. ಈ ರಸ್ತೆಯ ಡ್ರೈವರುಗಳಲ್ಲಿ ಒಂದು ಪದ್ಧತಿ ಇತ್ತು. ಯಾರದಾದರೂ ಗಾಲಿ ಪಂಕ್ಚರ್ ಆಗಿ, ತನ್ನ ಸ್ಟೆಪ್ನಿಯೂ ಕೈಕೊಟ್ಟು ನಿಂತಿದ್ದರೆ, ಹಿಂದಿನಿಂದ ಬಂದವನು ಮಾತಿಲ್ಲದೆ ತನ್ನ ಡಿಕ್ಕಿ ತೆರೆದು ತನ್ನ ಸ್ಟೆಪ್ನಿಯನ್ನು ಇಳಿಸಿ ಕೊಡುತ್ತಿದ್ದ. ತೆಗೆದುಕೊಂಡವನು ಕೆಲಸ ಮುಗಿದ ಮೇಲೆ ಅದನ್ನು ಮಸ್ಕಿಯ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟು ಹೋಗಬೇಕು. ಕೊಟ್ಟವನು ಮುಂದಿನ ಟ್ರಿಪ್ಪಿನಲ್ಲಿ ಎತ್ತಿಕೊಳ್ಳುತ್ತಾನೆ. ಸ್ಟೆಪ್ನಿ ಕೈಗಡ ಎನ್ನುತ್ತಿದ್ದರು. ಜಗಳವಾಡಿ ಮಾತು ಬಿಟ್ಟವರು ಕೂಡ ಗಾಲಿ ಕೊಡುವುದನ್ನು ಬಿಡುತ್ತಿರಲಿಲ್ಲ. ಅಪ್ಪ ಮತ್ತು ಅವನ ಹಳೆಯ ದೋಸ್ತ, ನಾನು ಚಾಚಾ ಎಂದು ಕರೆಯುವ ಇನ್ನೊಬ್ಬ ಬಾಡಿಗೆ ಕಾರಿನವನು, ಒಂದು ಸೈಟಿನ ವಿಷಯಕ್ಕೆ ಬಹಳ ದಿನ ಮುಖ ತಿರುಗಿಸಿಕೊಂಡಿದ್ದರು. ಆಗಲೂ ಚಾಚಾ ಅಪ್ಪನ ಗಾಡಿ ನಿಂತಿದ್ದು ಕಂಡು ಸ್ಟೆಪ್ನಿ ಇಳಿಸಿ, ಒಂದು ಮಾತಾಡದೆ ಹೋಗಿದ್ದ.

ಈ ಪದ್ಧತಿ ನಡೆಯುತ್ತಿದ್ದುದು ಒಂದು ಕಾರು ಕಂಪನಿಯ ಜಾಣತನದಿಂದ. ಅವರ ಹೆಸರು ಹೇಳಿ ನನ್ನ ಬಾಯಿ ಕೆಡಿಸಿಕೊಳ್ಳುವುದಿಲ್ಲ. ಜಾಣತನ ಮಾತ್ರ ಒಪ್ಪುತ್ತೇನೆ. ಅವರು ತಮ್ಮ ಸಣ್ಣ ಕಾರಿಗೂ, ಉದ್ದ ಕಾರಿಗೂ, ಬಾಡಿಗೆಗೆಂದೇ ಮಾಡಿದ ಕಾರಿಗೂ ಒಂದೇ ಗಾಲಿ ಹಾಕಿದ್ದರು. ಅದೇ ಅಳತೆ, ಅವೇ ನಾಲ್ಕು ಬೋಲ್ಟು. ಒಬ್ಬನ ಗಾಲಿ ಎಲ್ಲರಿಗೂ ಕೂಡುತ್ತಿತ್ತು. ಮಸ್ಕಿಯ ಸಣ್ಣ ಅಂಗಡಿಯಲ್ಲೂ ಅದರ ಟ್ಯೂಬು, ಟೈರು ಸಿಗುತ್ತಿದ್ದವು. ಹೊಸಬನೊಬ್ಬ ಬೇರೆ ಕಂಪನಿಯ ಗಾಡಿ ತರುತ್ತೇನೆಂದರೆ ಹಿರಿಯ ಡ್ರೈವರುಗಳೇ "ಹಾದ್ಯಾಗ ನಿಂತ್ರ ನಿನಗ ಗಾಲಿ ಯಾರು ಕೊಡ್ತಾರಲೇ?" ಎಂದು ಹೆದರಿಸಿ ಇದೇ ಕಂಪನಿಯ ಶೋರೂಮಿಗೆ ಕಳಿಸುತ್ತಿದ್ದರು. ಕಂಪನಿಗೆ ಪುಕ್ಕಟೆ ಸೇಲ್ಸ್‌ಮನ್‌ಗಳು ಅವರು. ನಾನು ಎಂ.ಕಾಂ. ಓದಿದವಳು, ಈಗ ಮಸ್ಕಿಯ ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ. ವ್ಯಾಪಾರ ಹೇಗೆ ಬೆಳೆಸಬೇಕೆಂದು ಹುಡುಗರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ.

ಆಮೇಲೆ ಆ ಜಾಣರ ತಲೆಯೊಳಗೆ ಏನು ಹೊಕ್ಕಿತೋ. ಅಪ್ಪನ ಹಳೆಯ ಗಾಡಿ ಹಣ್ಣಾಗಿ ಹೊಸದು ತೆಗೆದುಕೊಳ್ಳಲು ಹೋದಾಗ ಆ ಮಾಡೆಲ್ಲನ್ನೇ ನಿಲ್ಲಿಸಿದ್ದರು. ಅದರ ಬದಲು ಬಂದಿದ್ದು ಮುಖ ಉಬ್ಬಿಸಿಕೊಂಡ ಎತ್ತರದ ಒಂದು ಕಾರು. ದೊಡ್ಡ ಗಾಲಿ, ಅದರ ಮೇಲೆ ಹೊಳೆಯುವ ಮುಚ್ಚಳ. ಅಪ್ಪ ಎಲ್ಲ ನೋಡಿ, ಕೊನೆಗೆ ಡಿಕ್ಕಿಯ ಚಾಪೆ ಎತ್ತಿ ನೋಡಿದ. ಅಲ್ಲಿ ಗಾಲಿ ಇರಲಿಲ್ಲ. ಅಂಗೈಯಗಲದ ಪಂಪು, ಒಂದು ಬಿಳಿ ಬಾಟಲಿ.

"ಇದರ ಸ್ಟೆಪ್ನಿ ಎಲ್ಲೈತಿ ತಮ್ಮಾ?" ಎಂದು ಕೇಳಿದ.

ಶೋರೂಮಿನ ಹುಡುಗ ಟೈ ಸರಿಮಾಡಿಕೊಂಡು ನಕ್ಕ. "ಈಗ ಸ್ಟೆಪ್ನಿ ಯಾರ್ರೀ ಇಡ್ತಾರ? ಕಂಪನಿ ತಗದುಬಿಟ್ಟೈತ್ರಿ. ತೂಕ ಕಡಿಮಿ, ಮೈಲೇಜ್ ಜಾಸ್ತಿ, ಡಿಕ್ಕಿ ಎಷ್ಟ್ ದೊಡ್ಡದಾಗೈತಿ ನೋಡ್ರಿ. ಪಂಕ್ಚರ್ ಆದ್ರ ಈ ಬಾಟ್ಲಿ ಹಾಕ್ರಿ, ಗಾಳಿ ಹೊಡೀರಿ, ಹೊಂಟ್ರಿ. ಇಲ್ಲಂದ್ರ ಒಂದು ಫೋನ್ ಮಾಡ್ರಿ, ಕಂಪನಿ ಮಂದಿ ನೀವಿದ್ದಲ್ಲೇ ಬರ್ತಾರ."

ಆ ಹುಡುಗ ನಮ್ಮ ಪಕ್ಕದ ಊರು ತುರ್ವಿಹಾಳದವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ, ಕಲಿಸಿದ್ದನ್ನು ಹೇಳಿದ. ನನ್ನ ಸಿಟ್ಟು ಎಲ್ಲೋ ತಂಪು ಕೋಣೆಯಲ್ಲಿ ಕೂತು ಆ ಗಾಲಿಯನ್ನು ತೆಗೆಯಿರಿ ಎಂದವರ ಮೇಲೆ. ಅವರು ಒಮ್ಮೆ, ಒಂದೇ ಒಮ್ಮೆ, ಭತ್ತದ ನಾಟಿಯ ದಿನಗಳಲ್ಲಿ ನಮ್ಮ ಕಾಲುವೆ ಸೀಮೆಗೆ ಬಂದಿದ್ದರೆ ಸಾಕಿತ್ತು. ಗದ್ದೆಯ ಕೆಸರು ಕಲಸಲು ಇಲ್ಲಿ ಟ್ರ್ಯಾಕ್ಟರುಗಳಿಗೆ ಕಬ್ಬಿಣದ ಗಾಲಿ ಹಾಕುತ್ತಾರೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವಾಗ ಅದನ್ನು ಬಿಚ್ಚುವ ತಾಳ್ಮೆ ಯಾರಿಗೂ ಇಲ್ಲ. ಹಾಗೆಯೇ ಡಾಂಬರಿನ ಮೇಲೆ ಓಡಿಸುತ್ತಾರೆ. ಬಯ್ದರೆ ನಕ್ಕು ಮುಂದೆ ಹೋಗುತ್ತಾರೆ. ರಸ್ತೆಯ ಅಂಚು ಕಡಿದ ರೊಟ್ಟಿಯ ಹಾಗೆ ಆಗಿರುತ್ತದೆ. ಅಲ್ಲಿ ಟೈರಿಗೆ ಮೊಳೆ ಚುಚ್ಚುವುದಿಲ್ಲ, ಟೈರಿನ ಪಕ್ಕೆಯೇ ಸೀಳುತ್ತದೆ. ಸೀಳಿದ ಟೈರಿಗೆ ಬಾಟಲಿ ಹಾಕಿದರೂ ಅಷ್ಟೆ, ತೀರ್ಥ ಹಾಕಿದರೂ ಅಷ್ಟೆ.

ಅಪ್ಪನಿಗೆ ಇದೆಲ್ಲ ಗೊತ್ತಿತ್ತು. ಆದರೂ ತೆಗೆದುಕೊಂಡ. ಆ ಕಂಪನಿಯ ಮೇಲೆ ಅಷ್ಟು ವರ್ಷದ ನಂಬಿಕೆ. ಸ್ಟ್ಯಾಂಡಿನಲ್ಲಿ ಚಾಚಾ ಹೊಸ ಗಾಡಿಯ ಸುತ್ತ ತಿರುಗಿ "ಸ್ಟೆಪ್ನಿ ಇಲ್ಲಂತಲ್ಲೋ ಇದಕ್ಕ?" ಎಂದರೆ ಅಪ್ಪ "ನಿನ್ನ ಡಿಕ್ಕ್ಯಾಗ ಐತೆಲ್ಲ, ಅದ ನಂದು" ಎಂದು ನಕ್ಕುಬಿಟ್ಟ. ಚಾಚಾನೂ ನಕ್ಕ. ಹೊಳೆಯುವ ಮುಚ್ಚಳದ ಕೆಳಗೆ ಎಷ್ಟು ಬೋಲ್ಟು ಇವೆಯೆಂದು ಇಬ್ಬರೂ ನೋಡಲಿಲ್ಲ. ಆ ಕಂಪನಿಯ ಗಾಲಿ ಎಂದರೆ ನಾಲ್ಕೇ ಬೋಲ್ಟು ಎಂದು ಈ ರಸ್ತೆಯ ಎಲ್ಲರಿಗೂ ಅಷ್ಟು ಖಾತ್ರಿ ಇತ್ತು.

ಆ ಗಾಡಿ ಬಂದ ಮೇಲೆ ಮೊದಲ ನಾಟಿಯ ಕಾಲ. ಲಿಂಗಸುಗೂರಿನಲ್ಲಿ ನನಗೊಂದು ಪರೀಕ್ಷೆ. ಸರ್ಕಾರಿ ನೌಕರಿಯ ಪರೀಕ್ಷೆ, ವರ್ಷಗಟ್ಟಲೆ ಕಾದ ಮೇಲೆ ಕರೆದದ್ದು. ಮುಂದಿನ ಸಲ ಕರೆಯುವ ಹೊತ್ತಿಗೆ ನನ್ನ ವಯಸ್ಸು ಮಿತಿ ದಾಟಿರುತ್ತಿತ್ತು. ಇದೇ ಕೊನೆಯದು. ಅದಕ್ಕಾಗಿ ಬಂದ ಎರಡು ಸಂಬಂಧಗಳನ್ನು ತಿರುಗಿಸಿ ಕಳಿಸಿದ್ದೆ, ನೆರೆಹೊರೆಯವರ ಬಾಯಿಗೆ ಬಿದ್ದಿದ್ದೆ. ಈ ಸಲ ಓದು ಚೆನ್ನಾಗಿ ಆಗಿತ್ತು. ಆಗುತ್ತದೆ ಎಂದು ಒಳಗೆ ಗಟ್ಟಿ ಅನಿಸಿತ್ತು.

ಬಸ್ಸಿಗೆ ಹೋಗುತ್ತೇನೆ ಎಂದಿದ್ದೆ. ಅಪ್ಪ ಕಣ್ಣು ದೊಡ್ಡದು ಮಾಡಿದ. "ಊರ ಮಂದಿ ಮಕ್ಕಳನ್ನೆಲ್ಲ ಪರೀಕ್ಷಾಕ್ಕ ಬಿಟ್ಟು ಬಂದೀನಿ. ನನ್ನ ಮಗಳು ಬಸ್ಸಿನ್ಯಾಗ ನಿಂತಗೊಂಡು ಹೋಗಬೇಕೇನು?" ಅವತ್ತಿನ ಬಾಡಿಗೆ ಬಿಟ್ಟ. ಗಾಡಿ ತೊಳೆದ. ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ. ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಹೊರಟೆವು. ಹೊತ್ತು ಸಾಕಷ್ಟಿತ್ತು, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ತಡವಾಗಿ ಹೊರಟು ಕಂಪನಿಯನ್ನು ಬಯ್ಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು.

ಮಸ್ಕಿ ಇನ್ನೂ ದೂರ ಇತ್ತು. ಎದುರಿಗೆ ಕಬ್ಬಿಣದ ಗಾಲಿಯ ಟ್ರ್ಯಾಕ್ಟರು ಗರಗರ ಎನ್ನುತ್ತ ನಡುರಸ್ತೆಯಲ್ಲಿ ಬಂತು. ಅಪ್ಪ ಪಕ್ಕಕ್ಕೆ ಇಳಿಸಿ ಮತ್ತೆ ಏರಿಸಿದ. ಫಟ್ ಎಂದು ಸದ್ದಾಯಿತು, ಗಾಡಿ ಒಂದು ಮಗ್ಗುಲಿಗೆ ವಾಲಿತು. ಇಳಿದು ನೋಡಿದರೆ ಎಡಗಡೆಯ ಮುಂದಿನ ಟೈರಿನ ಪಕ್ಕೆ ಬಾಯಿ ಬಿಟ್ಟಿತ್ತು. ಅಪ್ಪ ಗಾಡಿಯ ಜೊತೆ ಬಂದ ಪುಸ್ತಕ ನೋಡಿಕೊಂಡು ಬಾಟಲಿ ಸಿಕ್ಕಿಸಿ ಪಂಪು ಹಚ್ಚಿದ. ಬಾಟಲಿಯ ಬಿಳಿ ನೀರೆಲ್ಲ ಒಂದು ಕಡೆಯಿಂದ ಒಳಗೆ ಹೋಗಿ ಸೀಳಿನಿಂದ ಹೊರಗೆ ಬಂತು. ರಸ್ತೆಯ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಪ್ಪ ಪಂಪು ಆರಿಸದೆ ಅದನ್ನೇ ನೋಡುತ್ತ ನಿಂತ.

ಕಂಪನಿಗೆ ನಾನೇ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಕೊನೆಗೊಬ್ಬಳು ಬಹಳ ಮೃದುವಾಗಿ ಮಾತಾಡಿದಳು. "ಮೇಡಂ, ಸೈಡ್‌ನಲ್ಲಿ ಕಟ್ ಆಗಿದ್ರೆ ಕಿಟ್ ವರ್ಕ್ ಆಗಲ್ಲ. ಟೋಯಿಂಗ್ ವೆಹಿಕಲ್ ಕಳಿಸ್ತೀವಿ. ಮಧ್ಯಾಹ್ನದ ಒಳಗೆ ಬರತ್ತೆ. ನಿಮ್ಮ ಸೇಫ್ಟಿ ನಮಗೆ ಮುಖ್ಯ." ನನಗೆ ಪರೀಕ್ಷೆ ಇದೆ ಎಂದೆ. "ಅರ್ಥ ಆಗತ್ತೆ ಮೇಡಂ" ಎಂದಳು. ಏನು ಅರ್ಥವಾಯಿತೋ ದೇವರಿಗೇ ಗೊತ್ತು.

ಆ ಹೊತ್ತಿಗೇ ಸಿಂಧನೂರಿನ ಕಡೆಯಿಂದ ಲಿಂಗಸುಗೂರಿನ ಬಸ್ಸು ಬಂತು. ಡ್ರೈವರಿಗೆ ಅಪ್ಪನ ಗುರುತು. ತಾನಾಗಿಯೇ ನಿಧಾನ ಮಾಡಿ, ಕಿಟಕಿಯಿಂದ ತಲೆ ಹಾಕಿ "ಏನಾತಣ್ಣಾ?" ಎಂದ. ನಾನು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ. ಒಂದು ಕಾಲು ಮುಂದೆ ಇಟ್ಟಿದ್ದೆ.

"ಏನಿಲ್ಲ, ಪಂಕ್ಚರ್. ಸ್ಟೆಪ್ನಿ ಬರಾಕತ್ತೈತಿ. ನೀ ನಡಿ, ನೀ ನಡಿ" ಎಂದು ಅಪ್ಪ ಕೈ ಬೀಸಿದ.

"ಅಪ್ಪಾ, ನಾ ಬಸ್ಸಿಗೆ ಹೋಗ್ತೀನಿ."

"ಚಾಚಾ ಹಿಂದ ಬರಾಕತ್ತಾನ ಬೇ, ಈಗ ಫೋನ್ ಮಾಡ್ಯಾನ. ಎರಡು ನಿಮಿಷದ ಕೆಲಸ. ನನ್ನ ಗಾಡ್ಯಾಗಿಂದ ನನ್ನ ಮಗಳ ಇಳದು ಹೋಗ್ತಾಳೇನು?"

ಬಸ್ಸು ಹೋಯಿತು. ಹಿಂದಿನ ಕಿಟಕಿಯಲ್ಲಿ ಕೂತ ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆ ಬಸ್ಸು ಪರೀಕ್ಷೆಯ ಹೊತ್ತಿಗೆ ಮುಂಚೆಯೇ ಲಿಂಗಸುಗೂರು ಮುಟ್ಟಿತೆಂದು ಆಮೇಲೆ ಕೇಳಿ ತಿಳಿದುಕೊಂಡೆ. ಕೇಳಬಾರದಿತ್ತು.

ಚಾಚಾ ಬಂದ. ಖಾಲಿ ಗಾಡಿಯಲ್ಲಿ ಬಂದ, ಇದನ್ನು ನೆನಪಿಡಬೇಕು. ಇಳಿದವನೇ ಡಿಕ್ಕಿ ತೆರೆದು ಸ್ಟೆಪ್ನಿ ಇಳಿಸಿದ, ಜಾಕು ಇಳಿಸಿದ. ನಮ್ಮ ಹೊಸ ಗಾಡಿಯಲ್ಲಿ ಜಾಕು ಕೂಡ ಇರಲಿಲ್ಲ. ಗಾಲಿಯೇ ಇಲ್ಲದ ಮೇಲೆ ಜಾಕು ಯಾಕೆ ಎಂದು ಅದನ್ನೂ ಉಳಿಸಿಕೊಂಡಿದ್ದರು. ಗಾಡಿ ಎತ್ತಿದರು. ಹೊಳೆಯುವ ಮುಚ್ಚಳ ಕಿತ್ತರು. ಒಳಗೆ ಐದು ಬೋಲ್ಟು.

ಚಾಚಾ ತನ್ನ ಗಾಲಿಯ ನಾಲ್ಕು ತೂತು ನೋಡಿದ, ಆ ಐದು ಬೋಲ್ಟು ನೋಡಿದ. "ಇದೇನಲೇ ಇದು? ಇವರಿಗೆ ಯಾವ ಹುಚ್ಚು ಹಿಡದೈತಿ?" ಎಂದ. ಅಪ್ಪ ಆ ಗಾಲಿಯನ್ನು ಎತ್ತಿ ಹಿಡಿದು ಕೂಡುತ್ತದೇನೋ ಎಂದು ನೋಡಿದ. ನಾಲ್ಕು ತೂತಿನ ಗಾಲಿ ಐದು ಬೋಲ್ಟಿಗೆ ಹೇಗೆ ಕೂಡೀತು? ಆದರೂ ತಿರುಗಿಸಿ ತಿರುಗಿಸಿ ನೋಡಿದ.

"ಅಪ್ಪಾ, ಚಾಚಾನ ಗಾಡ್ಯಾಗ ಹೋಗೋಣು" ಎಂದೆ.

"ತಡಿ ಬೇಟಾ" ಎಂದ ಚಾಚಾ, ಫೋನ್ ಕಿವಿಗೆ ಹಚ್ಚಿಕೊಂಡು. ಬೇರೊಂದು ಕಂಪನಿಯ ದೊಡ್ಡ ಗಾಡಿಗೆ ಐದು ಬೋಲ್ಟು ಇರುತ್ತವೆಂದು ಅವನಿಗೆ ನೆನಪಾಗಿತ್ತು. ಅಂಥ ಗಾಡಿಯವನೊಬ್ಬ ಮಸ್ಕಿಯಲ್ಲಿದ್ದ. ಅವನು ಕೈಯಲ್ಲಿದ್ದ ಚಹಾ ಬಿಟ್ಟು ಓಡಿ ಬಂದ. ಅವನೂ ಮಾತಾಡದೆ ಡಿಕ್ಕಿ ತೆರೆದ, ಸ್ಟೆಪ್ನಿ ಇಳಿಸಿದ. ಈಗ ಮೂವರೂ ಬಗ್ಗಿ ಕೂತರು. ಐದು ತೂತು, ಐದು ಬೋಲ್ಟು ಸರಿಹೋದವು, ಆದರೆ ಗಾಲಿಯ ನಡುವಿನ ದೊಡ್ಡ ತೂತು ನಮ್ಮ ಗಾಡಿಯ ಅಚ್ಚಿನ ತುದಿಗೆ ಸಣ್ಣದಾಯಿತು. ಗಾಲಿ ಒಳಗೆ ಸರಿಯಲಿಲ್ಲ. ಸುತ್ತಿಗೆಯಿಂದ ಬಡಿದರು. ಎಣ್ಣೆ ಹಚ್ಚಿ ಬಡಿದರು.

ನಾನು ಕಾಲುವೆಯ ಮೋರಿಯ ಕಟ್ಟೆಯ ಮೇಲೆ ಕೂತಿದ್ದೆ. ನನ್ನ ಮುಂದೆ ಸಾಲಾಗಿ ಮೂರು ಗಾಡಿ. ಎರಡು ಚೆನ್ನಾಗಿ ಓಡುವಂಥವು. ಎರಡರ ಬೀಗದ ಕೈಗಳೂ ಅವುಗಳಲ್ಲೇ ಇದ್ದವು. ಮೂರು ಜನ ಒಳ್ಳೆಯ ಮನುಷ್ಯರು, ನನ್ನನ್ನು ಎತ್ತಿ ಆಡಿಸಿದವರು, ನನ್ನ ಪರೀಕ್ಷೆಗಾಗಿಯೇ ಬೆವರು ಸುರಿಸುತ್ತಿದ್ದಾರೆ. ನಾನು ಬಾಯಿಬಿಟ್ಟು ಹೇಳಿದ ಮೇಲೂ ಒಬ್ಬನಿಗೂ ನನ್ನನ್ನು ಕೂರಿಸಿಕೊಂಡು ಹೋಗಬಹುದೆಂದು ಹೊಳೆಯಲಿಲ್ಲ. ಈ ರಸ್ತೆಯಲ್ಲಿ ಗಾಡಿ ನಿಂತರೆ ಗಾಲಿ ಕೊಡಬೇಕು. ಅವರು ಅಷ್ಟು ವರ್ಷ ಮಾಡಿದ್ದು ಅದು, ಅವರ ಕೈಗೆ ಬರುತ್ತಿದ್ದುದೂ ಅದೇ. ಕಂಪನಿ ತನ್ನ ಕಡೆಯಿಂದ ಆ ಪದ್ಧತಿಯನ್ನು ಕೊಂದು ಹಾಕಿತ್ತು. ಇವರಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ನಾನು ಕಿರುಚಿದೆ. ಅಪ್ಪನ ಮುಂದೆ ಅಷ್ಟು ದನಿ ಎತ್ತಿದ್ದು ಅದೇ ಮೊದಲು. "ಆ ಗಾಲಿ ಕಾಲುವ್ಯಾಗ ಒಗೀರಿ! ನಿಮಗ ನಾ ಕಾಣಾಕತ್ತೀನೋ ಇಲ್ಲೋ?"

ಮೂವರೂ ತಲೆ ಎತ್ತಿದರು. ಅಪ್ಪನ ಕೈ, ಹಣೆ ಎಲ್ಲ ಕಪ್ಪು ಎಣ್ಣೆ. ಚಾಚಾ "ಯಾ ಅಲ್ಲಾ" ಎಂದವನೇ ಗಾಲಿ, ಜಾಕು ಎಲ್ಲ ಅಲ್ಲೇ ಬಿಟ್ಟು ಗಾಡಿ ಚಾಲೂ ಮಾಡಿದ. ಅಪ್ಪ ತನ್ನ ಗಾಡಿಯ ಹತ್ತಿರ ನಿಂತಿದ್ದ. ನಾನು ಓಡಿ ಚಾಚಾನ ಪಕ್ಕ ಹತ್ತಿ ಕೂತೆ.

ಚಾಚಾ ಹೇಗೆ ಓಡಿಸಿದನೆಂದು ಹೇಳಿದರೆ ಪೊಲೀಸರು ಬಂದಾರು. ಮಸ್ಕಿಯ ಪೇಟೆಯೊಳಗೆ ಹಾರ್ನಿನಿಂದ ಕೈ ತೆಗೆಯಲಿಲ್ಲ. ಲಿಂಗಸುಗೂರಿನಲ್ಲಿ ಪರೀಕ್ಷೆ ಇದ್ದ ಕಾಲೇಜಿನ ಮುಂದೆ ನಾವು ಇಳಿದಾಗ ರಸ್ತೆ ಖಾಲಿಯಾಗಿತ್ತು. ಆ ಖಾಲಿ ನೋಡಿಯೇ ನನಗೆ ತಿಳಿಯಿತು. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ನಿಂತ ಪೊಲೀಸಪ್ಪ "ಆಗಲೇ ಪೇಪರ್ ಕೊಟ್ಟಾರ ತಂಗಿ, ನನ್ನ ಕೈಯಾಗ ಏನಿಲ್ಲ" ಎಂದ. ಚಾಚಾ ಗೇಟಿನ ಸರಳು ಹಿಡಿದು ಅವನಿಗೆ ಸಾಹೇಬ್ ಎಂದ, ಅಣ್ಣ ಎಂದ, ಕೊನೆಗೆ ಕೈ ಮುಗಿದ. ನಾನೇ ಅವನ ತೋಳು ಹಿಡಿದು ಎಳೆದುಕೊಂಡು ಬಂದೆ.

ಸ್ವಲ್ಪ ಹೊತ್ತಿಗೆ ಒಂದು ಬಸ್ಸು ಬಂದು ನಿಂತು, ಅದರಿಂದ ಅಪ್ಪ ಇಳಿದ. ಹೊಸ ಗಾಡಿಯನ್ನು ಜಾಕಿನ ಮೇಲೆಯೇ ಬಿಟ್ಟು ಬಸ್ಸು ಹತ್ತಿ ಬಂದಿದ್ದ. ಕೈಯಲ್ಲಿ ನಾನು ಮರೆತು ಬಂದಿದ್ದ ನೀರಿನ ಬಾಟಲಿ. ಗೇಟಿನ ಹೊರಗೆ ನಿಂತ ನನ್ನನ್ನು ನೋಡಿ, ಅದನ್ನು ಕೊಡಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ನಿಂತ. ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಅಳುವೂ ಬರಲಿಲ್ಲ. ಆ ಬಾಟಲಿ ಇಸಿದುಕೊಳ್ಳಲಿಲ್ಲ.

ಅವತ್ತು ಸಂಜೆ ನನ್ನ ಫೋನಿಗೆ ಕಂಪನಿಯ ಸಂದೇಶ ಬಂತು. ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ.

ಮರುದಿನ ಅಪ್ಪನ ಜೊತೆ ಶೋರೂಮಿಗೆ ನಾನೂ ಹೋದೆ. ಮ್ಯಾನೇಜರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಎಲ್ಲ ಕೇಳಿ, "ಬಹಳ ಬ್ಯಾಸರ ಆತ್ರಿ. ಸ್ಟೆಪ್ನಿ ಬೇಕಂದ್ರ ನೀವು ಬ್ಯಾರೆ ತಗೋಬಹುದ್ರಿ, ಆಕ್ಸೆಸರಿಯೊಳಗ ಐತಿ" ಎಂದರು. ಸೀಟಿನ ಕವರು, ಸೆಂಟಿನ ಡಬ್ಬಿಗಳ ಸಾಲಿನಲ್ಲಿ ಗಾಲಿ! ನಮ್ಮ ಗಾಡಿಯಿಂದ ಕಿತ್ತುಕೊಂಡಿದ್ದನ್ನು ನಮಗೇ ಮಾರಲು ಇಟ್ಟಿದ್ದರು. ಜಾಕಿಗೆ ಬೇರೆ ದುಡ್ಡು. ತಂದು ಡಿಕ್ಕಿಯಲ್ಲಿಟ್ಟರೆ ಅದಕ್ಕೆ ಅಲ್ಲಿ ಕುಣಿಯೇ ಇಲ್ಲ, ನೆಲ ಮಟ್ಟಸ ಮಾಡಿಬಿಟ್ಟಿದ್ದಾರೆ. ಈಗ ಅದು ಪ್ಯಾಸೆಂಜರುಗಳ ಚೀಲಗಳ ಮೇಲೆ ಉರುಳಾಡುತ್ತದೆ. ಅಷ್ಟು ದೊಡ್ಡ ಡಿಕ್ಕಿ ಅದಕ್ಕೇ ಬಂತು.

ನಾನು ಚಹಾ ಮುಟ್ಟಲಿಲ್ಲ. "ಇದನ್ನ ತಗೀರಿ ಅಂದವರು ಯಾರ್ರೀ? ಅವರ ನಂಬರ್ ಕೊಡ್ರಿ" ಎಂದೆ. ಮ್ಯಾನೇಜರು ನಕ್ಕರು. ಅವರಿಗೂ ಗೊತ್ತಿರಲಿಲ್ಲ. ಅಂಥವರಿಗೆ ನಂಬರ್ ಇರುವುದಿಲ್ಲ, ಮುಖ ಇರುವುದಿಲ್ಲ, ಈ ರಸ್ತೆ ನೋಡುವ ಕಣ್ಣು ಮೊದಲೇ ಇರುವುದಿಲ್ಲ. ಒಂದು ಗಾಲಿಯ ಖರ್ಚು ಉಳಿಸಿದ್ದಕ್ಕೆ ಅವರಿಗೆ ಬಡ್ತಿಯೂ ಸಿಕ್ಕಿರಬೇಕು. ನಮ್ಮ ಸ್ಟ್ಯಾಂಡಿನಲ್ಲಿ ಆಮೇಲೆ ಹೊಸ ಗಾಡಿ ತಂದವರೆಲ್ಲ ಬೇರೆ ಬೇರೆ ಕಂಪನಿಯ ಬಾಗಿಲಿಗೆ ಹೋದರು. ಎಲ್ಲರನ್ನೂ ಅದೇ ಶೋರೂಮಿಗೆ ಅಟ್ಟುತ್ತಿದ್ದ ಹಿರಿಯರೇ ಈಗ "ಅಲ್ಲಿ ಬಿಟ್ಟು ಎಲ್ಲಿ ಬೇಕಾದ್ರೂ ಹೋಗ್ರಿ" ಎನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು ಅಳತೆಯ ಗಾಲಿ. ಮಸ್ಕಿಯ ಪಂಕ್ಚರ್ ಅಂಗಡಿಯ ಮುಂದೆ ಕೈಗಡದ ಗಾಲಿಗಳು ಒರಗಿರುತ್ತಿದ್ದ ಗೋಡೆ ಈಗ ಬೋಳು ನಿಂತಿದೆ.

ನನಗೆ ಆ ನೌಕರಿ ಸಿಗುತ್ತಿತ್ತು ಎಂದು ಹೇಳಲಾರೆ. ಸಿಗುತ್ತಿರಲಿಲ್ಲ ಎಂದು ಹೇಳಲೂ ಯಾರಿಗೂ ಬಿಡುವುದಿಲ್ಲ. "ಹೋಗ್ಲಿ ಬಿಡು, ನಿನ್ನ ಹಣ್ಯಾಗ ಬರದಿರಲಿಲ್ಲ" ಎಂದು ಸಮಾಧಾನ ಹೇಳಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿದ್ದೇನೆ. ಹಣೆಯ ಮೇಲೆ ಹಾಕಬೇಡಿ. ಆ ಗಾಲಿ ತೆಗೆದದ್ದು ಮನುಷ್ಯರು.

ಅಪ್ಪ ಆ ದಿನದ ಬಗ್ಗೆ ನನ್ನ ಹತ್ತಿರ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ನಾನೂ ಕೇಳಿಲ್ಲ. ಸ್ಟ್ಯಾಂಡಿನಲ್ಲಿ ಅವನು ಆ ಹಳೆಯ ಜಂಬದ ಮಾತನ್ನು ಬಿಟ್ಟಿದ್ದಾನೆಂದು ಚಾಚಾ ಹೇಳಿದ. ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಲಿಂಗಸುಗೂರಿನಲ್ಲಿ ಪರೀಕ್ಷೆ ಇತ್ತು. ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅವಳು ಚೀಲ ಹಿಡಿದು ಬಂದಳು. ಅಪ್ಪ ಹಿಂದಿನ ಬಾಗಿಲು ತೆರೆದು, ಅವಳು ಹತ್ತುವ ಮೊದಲು ಅಡ್ಡ ನಿಂತ.

"ತಂಗಿ, ಒಂದು ಮಾತು ಕೇಳು. ಹಾದ್ಯಾಗ ಗಾಡಿ ನಿಂತ್ರ ನನ್ನ ಕೇಳಾಕ ಹೋಗಬ್ಯಾಡ. ತಡಿ ಅಂದ್ರೂ ಕೇಳಬ್ಯಾಡ. ಇಳದು, ಹಿಂದ ಯಾವ ಗಾಡಿ ಬರತೈತೋ ಅದಕ್ಕ ಕೈ ಮಾಡಿ ಹತ್ತಿ ಹೋಗಿಬಿಡು."

ಹುಡುಗಿ ನಕ್ಕಳು. "ಯಾಕ್ರೀ ಕಾಕಾ, ಹೊಸಾ ಗಾಡಿ ಅಲ್ಲೇನ್ರಿ ಇದು?"

"ಹೊಸಾದು ಅಂತನ ಹೇಳಾಕತ್ತೀನಿ" ಎಂದ ಅಪ್ಪ.

ನನ್ನ ಕಡೆ ನೋಡದೆ ಬಾಗಿಲು ಹಾಕಿ, ಗಾಡಿ ಹತ್ತಿದ.